ಹಾರ್ಪ್ ಮುಂದೆ ಪುಟಾಣಿ

ಆರ್ಕೆಸ್ಟ್ರಾದಲ್ಲಿ ನುಡಿಸೋ ದೊಡ್ಡ ಹಾರ್ಪ್‌ಗೆ 47 ತಂತಿ, 7 ಪೆಡಲ್. ಎತ್ತರ ಹೆಚ್ಚೂಕಡಿಮೆ ಆರಡಿ! ನಾಲ್ಕು ವರ್ಷದ ಮಗುವಿನ ಕಾಲು ಪೆಡಲ್‌ಗೆ ಎಟುಕೋದೇ ಇಲ್ಲ. ಅದಕ್ಕೇ ಮಕ್ಕಳಿಗೆ ಪೆಡಲ್ ಇಲ್ಲದ ಪುಟ್ಟ ಲಿವರ್ ಹಾರ್ಪ್.

ಕೆಂಪು ತಂತಿ ಅಂದ್ರೆ ‘ಸಿ’ ಸ್ವರ. ಕಪ್ಪು ಅಥವಾ ನೀಲಿ ಅಂದ್ರೆ ‘ಎಫ್’. ಅಕ್ಷರ ಬಾರದ ಮಗುವೂ ಕೆಂಪನ್ನ ಥಟ್ಟನೆ ಹುಡುಕುತ್ತೆ.

ಈಗ ಕೈ ನೋಡಿ. ಹೆಬ್ಬೆರಳು ಮೇಲೆ, ಮೂರು ಬೆರಳು ಕೆಳಗೆ. ಕಿರುಬೆರಳಿಗೆ ರಜೆ, ದೊಡ್ಡ ಕಲಾವಿದರಿಗೂ ಅಷ್ಟೇ! ಮೀಟಿದ ಬೆರಳು ಅಂಗೈಯೊಳಗೆ ಮಡಚಬೇಕು. ಮಕ್ಕಳು ಮರೆಯೋದು ಇದನ್ನೇ.

ವಯಲಿನ್ ಕಲಿಯೋರ ಕಿರ್‌ಕಿರ್ ಇಲ್ಲಿಲ್ಲ, ಮೊದಲ ದಿನವೇ ಇಂಪು. ಶ್ರುತಿ ಕೂಡಿಸೋ ತಾಪತ್ರಯ ಮಾತ್ರ ಅಪ್ಪ-ಅಮ್ಮಂದು. ಪಾಠ ಚಿಕ್ಕದಿರಲಿ, ಆಮೇಲೆ ತಂತಿಗಳ ಮೇಲೆ ಕೈ ಸರ್ರಂತ ಜಾರಿಸಿ ಆಡ್ಕೊಳ್ಲಿ, ತಡೀಬೇಡಿ.