ವಿಮಾ ಪ್ರತಿನಿಧಿಯ ವೃತ್ತಿಗೆ ಬೆಲೆ ಎಲ್ಲಿದೆ?

ಪದವೀಧರನಾದ ಮಗನೋ ಮಗಳೋ ಜೀವವಿಮಾ ಪ್ರತಿನಿಧಿಯಾಗುವುದಾಗಿ ಹೇಳಿದರೆ ನಮ್ಮ ಮಧ್ಯಮವರ್ಗದ ತಂದೆತಾಯಂದಿರ ಮುಖ ಸಪ್ಪಗಾಗುತ್ತದೆ. ಬೇರೇನೂ ಸಿಗದವರು ಹಿಡಿಯುವ ದಾರಿ ಅದು ಎಂಬ ಭಾವನೆ ಬೇರೂರಿದೆ. ಈ ತಾತ್ಸಾರಕ್ಕೆ ಕಾರಣಗಳು ಇಲ್ಲದಿಲ್ಲ. ಆದರೆ ದೋಷ ವೃತ್ತಿಯದೋ, ಅದಕ್ಕೆ ಸಂಭಾವನೆ ಗೊತ್ತುಮಾಡಿದ ರೀತಿಯದೋ ಎಂಬುದನ್ನು ಪರಿಶೀಲಿಸಬೇಕು.

1956ರಲ್ಲಿ 245 ವಿಮಾ ಕಂಪನಿ ಹಾಗೂ ಪ್ರಾವಿಡೆಂಟ್ ಸೊಸೈಟಿಗಳನ್ನು ಒಗ್ಗೂಡಿಸಿ ಭಾರತೀಯ ಜೀವವಿಮಾ ನಿಗಮ ಸ್ಥಾಪನೆಯಾಯಿತು. ವಿಮೆಯನ್ನು ಹಳ್ಳಿಗಳಿಗೆ ಒಯ್ಯುವುದು ರಾಷ್ಟ್ರೀಕರಣದ ಒಂದು ಮುಖ್ಯ ಉದ್ದೇಶ. ಅದನ್ನು ಬಹುಮಟ್ಟಿಗೆ ಈಡೇರಿಸಿದವರು ಪ್ರತಿನಿಧಿಗಳು. 2000ದಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದ ಮೇಲೆ ಬ್ಯಾಂಕು, ಅಂತರ್ಜಾಲಗಳ ಮೂಲಕವೂ ಮಾರಾಟ ಆರಂಭವಾಯಿತು. ಆದರೂ ನಿಗಮವೊಂದಕ್ಕೇ ಇಂದು 13 ಲಕ್ಷಕ್ಕೂ ಹೆಚ್ಚು ಪ್ರತಿನಿಧಿಗಳಿದ್ದಾರೆ.

ಇದಕ್ಕೆ ಕಾರಣವಿದೆ. ವಿಮೆಯ ವ್ಯವಹಾರದಲ್ಲಿ ಕೊಳ್ಳುವವನ ಆರೋಗ್ಯ ಕಂಪನಿಗೆ ಗೊತ್ತಿಲ್ಲ; ಪಾಲಿಸಿಯ ಷರತ್ತುಗಳು ಕೊಳ್ಳುವವನಿಗೆ ಅರ್ಥವಾಗುವುದಿಲ್ಲ. ಮಾಹಿತಿಯ ಇಂಥ ಅಸಮತೆ ಮಾರುಕಟ್ಟೆಯನ್ನೇ ಕೆಡಿಸಬಲ್ಲದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಪ್ರತಿನಿಧಿ ಈ ಕಂದರದ ಮೇಲಿನ ಸೇತುವೆ. ಪಾಲಿಸಿ ಜಾರಿಯಾಗಿ ಮೂರು ವರ್ಷ ಕಳೆದರೆ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಅದರೊಳಗೆ ವಿಮೆದಾರ ತೀರಿಕೊಂಡರೆ, ಮುಚ್ಚಿಟ್ಟ ಸಕ್ಕರೆ ಕಾಯಿಲೆಯೇ ಪರಿಹಾರ ನಿರಾಕರಣೆಗೆ ಕಾರಣವಾಗಬಹುದು. ಅರ್ಜಿಯಲ್ಲಿ ಸತ್ಯವನ್ನೇ ಬರೆಸುವ ಪ್ರತಿನಿಧಿ ಅಂದೇ ಒಂದು ಕುಟುಂಬವನ್ನು ಕಾಪಾಡಿರುತ್ತಾನೆ.

ಆದರೆ ಸಂಭಾವನೆ ಬಂದದ್ದು ಬೇರೆ ದಾರಿಯಲ್ಲಿ. ದೀರ್ಘಾವಧಿಯ ಸಾಂಪ್ರದಾಯಿಕ ಪಾಲಿಸಿಗಳಲ್ಲಿ ಬೋನಸ್ ಸೇರಿ ಮೊದಲ ವರ್ಷದ ಕಂತಿನ ಶೇ 35ರವರೆಗೆ ಕಮಿಷನ್ ದೊರೆಯುತ್ತಿತ್ತು. ನಾಲ್ಕನೇ ವರ್ಷದಿಂದ ಶೇ 5 ಮಾತ್ರ. ವರ್ಷಕ್ಕೆ 20,000 ರೂಪಾಯಿ ಕಂತಿದ್ದರೆ ಮಾರಿದ ವರ್ಷ 7,000, ನೋಡಿಕೊಂಡ ವರ್ಷ 1,000. ಮಾರಿ ಮರೆಯುವವನಿಗೇ ಲಾಭ. ಕಡಿಮೆ ಕಂತಿಗೆ ದೊಡ್ಡ ರಕ್ಷಣೆ ಕೊಡುವ ಟರ್ಮ್ ಪಾಲಿಸಿಯನ್ನು ಬಿಟ್ಟು, ದೊಡ್ಡ ಕಂತಿಗೆ ಸಣ್ಣ ರಕ್ಷಣೆ ಕೊಡುವ ಉಳಿತಾಯ ಪಾಲಿಸಿಯನ್ನೇ ಮುಂದೊಡ್ಡುವ ಚಾಳಿಗೂ ಇದು ಎಡೆಮಾಡಿತು.

2024ರ ಅಕ್ಟೋಬರ್‌ನಲ್ಲಿ ಪಾಲಿಸಿ ನಡುವೆಯೇ ಬಿಟ್ಟವರಿಗೆ ಹೆಚ್ಚಿನ ಮೊತ್ತ ಮರಳಿಸುವ ನಿಯಮ ಜಾರಿಗೆ ಬಂದಾಗ, ನಿಗಮವು ಮೊದಲ ವರ್ಷದ ಕಮಿಷನ್ ತಗ್ಗಿಸಿತು. ಪ್ರತಿನಿಧಿಗಳು ಪ್ರತಿಭಟಿಸಿದರು. ಅವರ ಅಳಲು ಹುರುಳಿಲ್ಲದ್ದಲ್ಲ: ಸಂಬಳವಿಲ್ಲದ ಕಸುಬಿನಲ್ಲಿ ಮೊದಲ ವರ್ಷಗಳ ಓಡಾಟದ ಖರ್ಚು ಹುಟ್ಟಬೇಕಲ್ಲ! ಇದಕ್ಕೆ ಒಂದು ಪರಿಹಾರದ ಮಾದರಿ ನಮ್ಮ ಮುಂದೆಯೇ ಇದೆ. 2024ರ ಡಿಸೆಂಬರ್‌ನಲ್ಲಿ ಆರಂಭವಾದ ‘ಬಿಮಾ ಸಖಿ’ ಯೋಜನೆಯಲ್ಲಿ, ಎಸ್ಸೆಸ್ಸೆಲ್ಸಿ ತೇರ್ಗಡೆಯಾದ ಮಹಿಳೆಯರಿಗೆ ಮೂರು ವರ್ಷ ಕ್ರಮವಾಗಿ ತಿಂಗಳಿಗೆ 7,000, 6,000 ಮತ್ತು 5,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿದೆ. ಆರಂಭದಲ್ಲಿ ಆಸರೆ, ಅನಂತರ ನವೀಕರಣದ ಮೇಲೆ ಹೆಚ್ಚಿನ ಪಾಲು: ಎಲ್ಲ ಪ್ರತಿನಿಧಿಗಳಿಗೂ ಇದೇ ನೀತಿ ಅನ್ವಯವಾಗಬಾರದೇಕೆ?

ಗ್ರಾಹಕರಾದ ನಮ್ಮ ಪಾಲೂ ಇದರಲ್ಲಿದೆ. ‘ನಿಮ್ಮ ಕಮಿಷನ್ನಿನಲ್ಲಿ ನಮಗೆಷ್ಟು?’ ಎಂದು ಸಂಕೋಚವಿಲ್ಲದೆ ಕೇಳುವ ವಿದ್ಯಾವಂತರು ಕಡಿಮೆಯಿಲ್ಲ. ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅಂಥ ರಿಯಾಯಿತಿಯನ್ನು ಕೊಡುವುದಷ್ಟೇ ಅಲ್ಲ, ಪಡೆಯುವುದೂ ಅಪರಾಧ. ವೈದ್ಯರ ಶುಲ್ಕದಲ್ಲಿ ಪಾಲು ಕೇಳದ ನಾವು ಇಲ್ಲಿ ಮಾತ್ರ ಚೌಕಾಸಿಗೆ ಇಳಿಯುತ್ತೇವೆ. ದುಡಿಮೆಯನ್ನು ಮೊದಲ ದಿನವೇ ಬಿಟ್ಟುಕೊಟ್ಟವನು ಹದಿನೈದು ವರ್ಷಗಳ ನಂತರ ಬಂದು ನಿಲ್ಲಲಿ ಎಂದು ಬಯಸುವುದು ನ್ಯಾಯವಲ್ಲ.

ಈ ವೃತ್ತಿಗೆ ಬರುವ ಯುವಕ ಯುವತಿಯರು ಮೂರು ವರ್ಷ ತಾಳಿಕೊಳ್ಳುವ ಸಿದ್ಧತೆಯೊಂದಿಗೆ ಬರಲಿ. ತಮ್ಮ ಯಶಸ್ಸನ್ನು ಮಾರಿದ ಪಾಲಿಸಿಗಳಿಂದಲ್ಲ, ಜೀವಂತವಾಗಿ ಉಳಿದ ಪಾಲಿಸಿಗಳಿಂದ ಅಳೆದುಕೊಳ್ಳಲಿ. ಮನೆಯ ಯಜಮಾನ ಇಲ್ಲವಾದ ದಿನ ಮರಣ ಪ್ರಮಾಣಪತ್ರ, ನಾಮನಿರ್ದೇಶನ, ಬ್ಯಾಂಕ್ ವಿವರಗಳ ಗೊಂದಲದಲ್ಲಿ ಸಿಲುಕಿದ ಕುಟುಂಬಕ್ಕೆ ದಾರಿ ತೋರುವವನ ಕೆಲಸ ಯಾವ ಕಚೇರಿಯ ಕೆಲಸಕ್ಕಿಂತಲೂ ಕಡಿಮೆ ಗೌರವದ್ದಲ್ಲ.