ಮುದುಮಲೆಯ ಮರಗಳ ಜನನ-ಮರಣ ದಫ್ತರ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯು ಬಂಡೀಪುರವನ್ನು ಕಳೆದು ತಮಿಳುನಾಡಿನ ಎಲ್ಲೆಯನ್ನು ಹೊಕ್ಕೊಡನೆ ಮೊದಲಾಗುವ ಮುದುಮಲೆಯ ಅರಣ್ಯವನ್ನು ಆನೆ, ಹುಲಿ, ಕಾಟಿಗಳ ನೆಲೆಯೆಂದು ಬಲ್ಲವರು ಅಸಂಖ್ಯರು; ಆದರೆ ಅದೇ ಅರಣ್ಯದ ಒಡಲಿನಲ್ಲಿ 1,000 ಮೀಟರು ಉದ್ದ, 500 ಮೀಟರು ಅಗಲದ ಒಂದು ಆಯತವುಂಟೆಂಬುದನ್ನೂ, ಅದರೊಳಗೆ ಹೆಬ್ಬೆರಳಿಗಿಂತ ತೆಳ್ಳಗಿನ ಸಸಿಯೂ ತನ್ನದೇ ಆದ ಸಂಖ್ಯೆಯನ್ನು ಧರಿಸಿ ನಿಂತಿರುವುದನ್ನೂ ಬಲ್ಲವರು ತೀರ ವಿರಳ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು, ಆನೆಗಳ ಅಧ್ಯಯನದಿಂದ ವಿಖ್ಯಾತರಾದ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ, 1988ರಲ್ಲಿ ಈ 50 ಹೆಕ್ಟೇರು ಭೂಮಿಯನ್ನು ಅಳೆದು ಗುರುತುಮಾಡಿತು. ಪನಾಮಾ ದೇಶದ ಬಾರ್ರೊ ಕೊಲರಾಡೊ ದ್ವೀಪದ ಮಳೆಕಾಡಿನಲ್ಲಿ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಎಂಬ ವಿದ್ವಾಂಸರು 1980ರ ದಶಕದ ಆರಂಭದಲ್ಲಿ ಇಷ್ಟೇ ವಿಸ್ತಾರದ ನೆಲದಲ್ಲಿ ಹಾಕಿಕೊಟ್ಟ ಕ್ರಮವೇ ಇಲ್ಲಿಗೂ ಆಧಾರ. 20 ಮೀಟರು ಚೌಕದ 1,250 ಅಂಕಣಗಳು. 1 ಸೆಂಟಿಮೀಟರು ದಪ್ಪಕ್ಕೆ ಕಡಿಮೆಯಿಲ್ಲದ ಸಕಲ ವೃಕ್ಷಸಸ್ಯಗಳಿಗೂ ಅಲ್ಯುಮಿನಿಯಮ್ ಬಿಲ್ಲೆ. ಮೊದಲ ಗಣತಿಯಲ್ಲಿ ದೊರೆತದ್ದು ಸುಮಾರು 26,000 ಗಿಡಮರಗಳು, 70ಕ್ಕೂ ಮಿಕ್ಕ ಜಾತಿಗಳು. ಅಂದಿನಿಂದ ವರ್ಷಕ್ಕೊಮ್ಮೆ ಸತ್ತವುಗಳನ್ನೂ ಹೊಸದಾಗಿ ಎದ್ದವುಗಳನ್ನೂ ಬರೆದುಕೊಳ್ಳುವುದು, ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುವುದು ವಾಡಿಕೆ. ಹಿಂದೆ ಗ್ರಾಮದಲ್ಲಿ ಇಡುತ್ತಿದ್ದ ಜನನ-ಮರಣಗಳ ದಫ್ತರವನ್ನು ಕಾಡಿಗೆ ತಂದರೆ ಹೇಗಿದ್ದೀತೋ ಹಾಗಿದೆ ಈ ಕಾರ್ಯ.

ಅಳೆಯುವ ವಿಧಾನವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ನೆಲದಿಂದ 1.3 ಮೀಟರು ಎತ್ತರದಲ್ಲಿ ಬಣ್ಣದ ಗೆರೆ ಎಳೆದು, ಟೇಪನ್ನು ಪ್ರತಿಸಲವೂ ಅದೇ ಗೆರೆಯ ಮೇಲೆ ಸುತ್ತಬೇಕು. ನಾಲ್ಕು ಬೆರಳು ಮೇಲೆ ಕೆಳಗೆ ಸರಿದರೂ ಬೆಳೆಯದ ಮರ ಬೆಳೆದಂತೆ ತೋರುತ್ತದೆ. ಮಳೆಯ ನೀರುಂಡ ಕಾಂಡ ಉಬ್ಬುವುದೂ ಬೇಸಗೆಯಲ್ಲಿ ಕುಗ್ಗುವುದೂ ಸಹಜವಾದಕಾರಣ, ಒಂದೇ ಋತುವಿನ ಅಳತೆಯನ್ನು ಮತ್ತೆ ಅದೇ ಋತುವಿನ ಅಳತೆಯೊಡನೆ ಹೋಲಿಸಿದರೇನೇ ಅದಕ್ಕೆ ಅರ್ಥ.

ನನ್ನ ಆಸಕ್ತಿಯನ್ನು ಸೆಳೆದದ್ದು ಅಳತೆಗಿಂತಲೂ ಮರಣದ ಕಲಮು. ಮರ ಸತ್ತಿತೆಂದು ಬರೆದರೆ ಸಾಲದು, ಯಾವುದರಿಂದ ಸತ್ತಿತೆಂಬುದನ್ನೂ ಬರೆಯಬೇಕು. ಈ ಕಾಡಿನಲ್ಲಿ ಅನೇಕ ವರ್ಷ ಟೇಪು ಹಿಡಿದು ನಡೆದ ವೃದ್ಧರೊಬ್ಬರು, ಬೆಟ್ಟಕುರುಬ ಜನಾಂಗದವರು, ಈ ನಿರ್ಣಯವನ್ನು ಮಾಡುವ ರೀತಿಯನ್ನು ಮಸಿನಗುಡಿಯ ಸಮೀಪದ ಕಾಡಂಚಿನಲ್ಲಿ ನನಗೆ ತೋರಿಸಿಕೊಟ್ಟರು. ಮುರಿದ ಕಾಂಡದ ಮುಂದೆ ಅವರು ಕುಕ್ಕರಗಾಲಿನಲ್ಲಿ ಕುಳಿತು, ಮೊದಲು ಮುರಿತದ ನಾರನ್ನು ಬೆರಳಿನಿಂದ ತಡವಿದರು: ನಾರು ತಿರುಚಿಕೊಂಡು ಉದ್ದಕ್ಕೆ ಸೀಳಿದ್ದರೆ, ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದಿದ್ದರೆ, ಅದು ಆನೆಯ ಸೊಂಡಿಲಿನ ಕೆಲಸ; ಬುಡಸಹಿತ ಮಗುಚಿ ಬೇರಿಗೆ ಮಣ್ಣು ಅಂಟಿದ್ದರೆ ಗಾಳಿ; ಬುಡದ ಒಂದು ಮಗ್ಗುಲು ಮಾತ್ರ ಕರಿಕಾಗಿದ್ದರೆ ಬೆಂಕಿ, ಏಕೆಂದರೆ ಗಾಳಿಯ ಮರೆಯಾದ ಬದಿಯಲ್ಲಿಯೇ ಜ್ವಾಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆಮೇಲೆ ಚಾಕುವಿನ ಮೊನೆಯಿಂದ ಬುಡದ ತೊಗಟೆಯನ್ನು ಗೋರಂಟಿ ಎಲೆಯಷ್ಟಗಲ ಕೆರೆದು, ಒಳಗಿನ ಹಸಿರನ್ನು ನನಗೆ ತೋರಿಸಿ, "ಸತ್ತಿಲ್ಲ ಸ್ವಾಮಿ, ಬೇರು ಬದುಕೈತೆ, ಮಳೆ ಬಿದ್ದರೆ ಕುಡಿ ಒಡೀತದೆ" ಎಂದರು. ಮೇಲೆ ಸುಟ್ಟುಹೋದ ಗಿಡ ಬೇರಿನಿಂದ ಮತ್ತೆ ಚಿಗುರುವುದು ಈ ಕಾಡಿನ ಸ್ವಭಾವ. ಆದಕಾರಣ ಒಂದೇ ನೋಟಕ್ಕೆ ಮರಣವನ್ನು ವಿಧಿಸಲಾಗದು.

ಈ ದಫ್ತರದಲ್ಲಿ ಅತ್ಯಂತ ದುಃಖಕರವಾದ ಅಧ್ಯಾಯ ನಾಯಿಬೆಂಡೆಯದು. ಮೊದಲ ಗಣತಿಯಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಈ ಮೃದು ಮರವು ಆನೆಗಳಿಗೆ ಬಹು ಪ್ರಿಯ. ಅವು ಮುರಿದು, ಸುಲಿದು, ತಿಂದದ್ದರಿಂದ ಮುಂದಿನ ವರ್ಷಗಳಲ್ಲಿ ಅದರ ಬಹುಪಾಲು ಈ ಆಯತದಿಂದ ಅಳಿಯಿತು. ತೆಳ್ಳಗಿನ ಗಿಡಗಳನ್ನು ಮತ್ತೆ ಮತ್ತೆ ಬಂದ ಬೆಂಕಿ ಒಯ್ದಿತು. ಹೆಮ್ಮರಗಳಾದ ನಂದಿ, ಮತ್ತಿ, ದಿಂಡಿಗಗಳು ಮಾತ್ರ ಇವೆರಡನ್ನೂ ಸಹಿಸಿ ನಿಂತಿವೆ. ಅವುಗಳಲ್ಲಿ ಸಾವು ವಿರಳ. ರಸ್ತೆಯ ಮೇಲಿಂದ ನೋಡುವವನಿಗೆ ಆ ಹೆಮ್ಮರಗಳೇ ಕಂಡು, ಕಾಡು ಸುಕ್ಷೇಮವಾಗಿದೆಯೆಂದು ತೋರುತ್ತದೆ. ಅವುಗಳ ಕೆಳಗೆ ಮುಂದಿನ ಪೀಳಿಗೆ ಏಳುತ್ತಿದೆಯೇ, ಅಥವಾ ಆ ಜಾಗವನ್ನು ಲಂಟಾನಾ ಆಕ್ರಮಿಸುತ್ತಿದೆಯೇ ಎಂಬುದನ್ನು ಹೇಳಬಲ್ಲದ್ದು ಈ ಬಿಲ್ಲೆಗಳ ಲೆಕ್ಕವೊಂದೇ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ನಾವೆಲ್ಲರೂ ಮರುಗಿದೆವು. ಆದರೆ ಬೆಂಕಿ ಆರಿದ ಐದನೆಯ ವರ್ಷ ಆ ನೆಲದಲ್ಲಿ ಏನು ಚಿಗುರಿತೆಂದು ವಿಚಾರಿಸುವ ಸಹನೆ ನಮ್ಮಲ್ಲಿ ಎಷ್ಟು ಮಂದಿಗುಂಟು?

ಈ ಕೆಲಸ ಎಷ್ಟು ಕಷ್ಟದ್ದೆಂಬುದು ಸಂಶೋಧನ ಪ್ರಬಂಧಗಳನ್ನು ಓದಿದರೆ ತಿಳಿಯುವುದಿಲ್ಲ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲಿನ ಮರೆಯಲ್ಲಿ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಮುಂದೆ ನಡೆಯುವವನು ಕಿವಿಯನ್ನೂ ಮೂಗನ್ನೂ ನಂಬಿ ನಡೆಯಬೇಕು. ಮಾಘ ಫಾಲ್ಗುಣಗಳಲ್ಲಿ ಎಲೆ ಉದುರಿ ದೃಷ್ಟಿ ದೂರ ಹರಿದರೂ ಆಗ ಜಾತಿಯನ್ನು ಗುರುತಿಸಲು ತೊಗಟೆಯೊಂದೇ ಗತಿ. ಈ ವಿದ್ಯೆ ಕಾಡಿನಲ್ಲಿ ಹುಟ್ಟಿ ಬೆಳೆದವರದು. ವಿಜ್ಞಾನಿಗಳು ತಮ್ಮ ಪ್ರಬಂಧಗಳ ಕೊನೆಯಲ್ಲಿ ಅವರನ್ನು ಕೃತಜ್ಞತೆಯಿಂದ ಸ್ಮರಿಸುವುದುಂಟು. ಆದರೆ ಮರದ ಆಯುಷ್ಯ ನೂರಾರು ವರ್ಷದ್ದಾದರೆ, ಇಂಥ ಅಧ್ಯಯನಗಳಿಗೆ ದೊರೆಯುವ ಧನಸಹಾಯ ಸಾಮಾನ್ಯವಾಗಿ ಮೂರೋ ಐದೋ ವರ್ಷದ್ದು. ಟೇಪು ಹಿಡಿಯುವ ಕೈಗೆ ಖಾಯಂ ಉದ್ಯೋಗ, ನಿವೃತ್ತಿವೇತನ, ಆ ವಿದ್ಯೆಗೆ ತಕ್ಕ ಒಂದು ಪದವಿ, ಇವನ್ನು ನಮ್ಮ ಸರ್ಕಾರಗಳು ಕೊಡಲಾರದಷ್ಟು ಬಡವಾಗಿಲ್ಲವೆಂದು ನಾನು ನಂಬುತ್ತೇನೆ.

ತಮ್ಮ ಬಳಿಕ ಯಾರೆಂದು ಕೇಳಿದಾಗ ಆ ವೃದ್ಧರು ಮೊಮ್ಮಗನ ಮಾತೆತ್ತಿದರು. ಹುಡುಗ ಊಟಿಯ ಕಡೆ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನಂತೆ. ಎಲೆಯಿದ್ದಾಗ ಮರಗಳನ್ನು ಗುರುತು ಹಿಡಿಯುತ್ತಾನಂತೆ. "ಎಲೆ ಇಲ್ಲದಾಗಿನದು ಇನ್ನೂ ಬಂದಿಲ್ಲ ಸ್ವಾಮಿ. ಕಲಿಸಬೇಕು ಅಂತಿವ್ನಿ, ಬೇಸಗೆಯಾಗೆ ಅಲ್ಲಿ ಜನ ಜಾಸ್ತಿ, ಅವನಿಗೆ ರಜ ಸಿಕ್ಕಾಕಿಲ್ಲ."