ಟೀವಿಯ ಚಿತ್ರ ಕೆಟ್ಟಾಗ ಮೊದಲು ನೋಡತಕ್ಕದ್ದೇನು?

ಹಗಲೆಲ್ಲ ಒಲೆಯ ಮುಂದೆಯೋ ಕಚೇರಿಯ ಮೇಜಿನ ಬಳಿಯೋ ದುಡಿದು ದಣಿದ ಕನ್ನಡಿಗನಿಗೆ ರಾತ್ರಿಯ ಹೊತ್ತು ತಾಯ್ನುಡಿಯನ್ನು ಕೇಳಿಸುವ ಸಾಧನವೆಂದರೆ ಕೋಣೆಯ ಟೀವಿ. 1975ನೆಯ ಇಸವಿಯ ಆಗಸ್ಟ್ 15ರಂದು ಮದರಾಸಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದಾಗ, ಇಲ್ಲಿ ಕನ್ನಡ ಕಾರ್ಯಕ್ರಮ ದುರ್ಲಭವಾಗಿತ್ತು. ಇಂದಾದರೋ ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್‌ನಲ್ಲಿಯೂ 'ಚಂದನ' ವಾಹಿನಿ ದೊರೆಯುತ್ತದೆ. ಇಂತಹ ಟೀವಿಯ ಚಿತ್ರ ಮಸಕಾದರೆ ಮನಸ್ಸಿಗೆ ಬೇಸರ. ಅದಕ್ಕಿಂತ ಹೆಚ್ಚಾಗಿ ಕಿಸೆಗೆ ಪೆಟ್ಟು. "ಪ್ಯಾನೆಲ್ ಹೋಗಿದೆ" ಎಂಬ ಒಂದೇ ಮಾತಿಗೆ, ಊರಿಗೆ ಕಳುಹಿಸಲು ಕೂಡಿಟ್ಟ ಹಣವನ್ನು ಸುರಿದು ಹೊಸ ಟೀವಿ ಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಆದುದರಿಂದ ಈ ವಿಷಯದಲ್ಲಿ ಎರಡು ಮಾತು ಅವಶ್ಯ.

ಸಾಂಬಾರು ಕೆಟ್ಟರೆ ಬೇಳೆಯನ್ನೂ ಹುಳಿಯನ್ನೂ ನೋಡುತ್ತೇವೆಯೇ ಹೊರತು ಪಾತ್ರೆಯನ್ನು ಬೀದಿಗೆಸೆಯುವುದಿಲ್ಲ. ಚಿತ್ರದ ದೋಷವೂ ಮೂರು ಕಡೆ ಇರಬಹುದು: ಸಂಕೇತ ಕಳುಹಿಸುವ ಕಡೆ, ಅದು ಬರುವ ತಂತಿಯಲ್ಲಿ, ಅಥವಾ ಟೀವಿಯೊಳಗೆ. ಎಲ್ಲಿಯೆಂದು ತಿಳಿಯಲು ಕಾಸಿನ ಖರ್ಚಿಲ್ಲದ ಉಪಾಯವೊಂದುಂಟು.

ಮೊದಲ ಪರೀಕ್ಷೆ

ಟೀವಿಯ ರಿಮೋಟಿನಲ್ಲಿ ಮೆನು ಗುಂಡಿಯನ್ನು ಒತ್ತಿರಿ. ಪರದೆಯ ಮೇಲೆ ಮೂಡುವ ಆ ಅಕ್ಷರಗಳು ಟೀವಿಯೇ ಬರೆಯುವಂಥವು. ಅವು ಸ್ಫುಟವಾಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ, ಪ್ಯಾನೆಲ್ ಬಹುಮಟ್ಟಿಗೆ ಕ್ಷೇಮವೆಂದೂ ದೋಷವು ಹೊರಗಿದೆಯೆಂದೂ ತಿಳಿಯಬಹುದು. ಅಕ್ಷರಗಳ ಮೇಲೂ ಅದೇ ಗೆರೆ, ಅದೇ ಕಲೆ ಕಂಡರೆ ಮಾತ್ರ ಟೀವಿಯನ್ನು ಶಂಕಿಸಬೇಕು. ಕಂಪ್ಯೂಟರಿನ ಮಾನಿಟರಿಗೂ ಇದೇ ಪರೀಕ್ಷೆ ಸಲ್ಲುತ್ತದೆ; ಅದರ ಗುಂಡಿಗಳು ಸಾಮಾನ್ಯವಾಗಿ ಚೌಕಟ್ಟಿನ ಕೆಳಗೋ ಹಿಂದೆಯೋ ಇರುತ್ತವೆ.

ಮಳೆ, ಗಾಳಿ ಮತ್ತು ಡಿಶ್

ಹಳೆಯ ಕಾಲದ ಟೀವಿಯಲ್ಲಿ ಸಂಕೇತ ಕ್ಷೀಣಿಸಿದಂತೆ ಚಿತ್ರದ ಮೇಲೆ ಹಿಮ ಸುರಿದಂತಾಗುತ್ತಿತ್ತು. ಈಗಿನ ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಸಂಕೇತ ಒಂದು ಮಿತಿಗಿಂತ ಇಳಿದೊಡನೆ ಚಿತ್ರವು ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಫ್ರೀ ಡಿಶ್ಶಿನ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕ್ರೋಂಪೇಟೆಯಿಂದ ನೋಡಿದರೆ ಅದು ಆಗ್ನೇಯ ದಿಕ್ಕು. ಅಂದರೆ ನಮ್ಮ ಹಿರಿಯರು ಅಡುಗೆಮನೆಗೆಂದು ಇಟ್ಟ ಮೂಲೆ. ಅಲ್ಲಿಂದ ಬರುವ ಅಲೆಗಳನ್ನು ಭಾರೀ ಮಳೆಯ ಹನಿಗಳು ಹೀರಿಕೊಳ್ಳುತ್ತವೆ. ಕಾರ್ತಿಕದ ಮಳೆಯಲ್ಲಿ ಹತ್ತು ನಿಮಿಷ ಚಿತ್ರ ನಿಂತರೆ ಅದು ರೋಗವಲ್ಲ, ಕಾಯುವುದೇ ಮದ್ದು.

ಮಳೆ ನಿಂತ ಮೇಲೂ ಸರಿಯಾಗದಿದ್ದರೆ, ಸೆಟ್‌ಟಾಪ್ ಪೆಟ್ಟಿಗೆಯ ಮೆನುವಿನಲ್ಲಿ ಸಂಕೇತದ ಗುಣಮಟ್ಟ ತೋರಿಸುವ ಪಟ್ಟಿಯನ್ನು ನೋಡಿರಿ. ಅದು ತಗ್ಗಿದ್ದರೆ ಗಾಳಿಗೆ ಡಿಶ್ ಓರೆಯಾಗಿರಬೇಕು, ಇಲ್ಲವೇ ತಂತಿಯ ಕೀಲುಗಳಲ್ಲಿ ನೀರಿಳಿದು ತುಕ್ಕು ಹಿಡಿದಿರಬೇಕು. 2016ರ ಡಿಸೆಂಬರ್ 12ರಂದು ಈ ಊರಿಗೆ ಅಪ್ಪಳಿಸಿದ ವರ್ಧಾ ಚಂಡಮಾರುತವನ್ನು ಕಂಡವರಿಗೆ ಮಾಳಿಗೆಯ ಮೇಲಿನ ಡಿಶ್ಶಿನ ಪಾಡನ್ನು ವಿವರಿಸಬೇಕಾಗಿಲ್ಲ. ಒದ್ದೆ ಮಾಳಿಗೆಯನ್ನು ಮಾತ್ರ ಯಾರೂ ಹತ್ತಬಾರದು.

ದೊಡ್ಡ ಪರದೆಯ ಮಸಕು

ಹೊಸದಾಗಿ ದೊಡ್ಡ ಟೀವಿ ಕೊಂಡವರು ಚಿತ್ರ ಹಳೆಯದಕ್ಕಿಂತಲೂ ಮಸಕೆಂದು ದೂರುವುದುಂಟು. ಕಾರಣ ಸರಳ. ಸಾಧಾರಣ ವಾಹಿನಿಯ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು; ಫುಲ್ ಎಚ್‌ಡಿ ಪರದೆಯಲ್ಲಿ 1920 ಮತ್ತು 1080. ಲೆಕ್ಕ ಹಾಕಿದರೆ ಸರಿಯಾಗಿ ಐದು ಪಟ್ಟು! ಒಂದು ದೋಸೆಯ ಹಿಟ್ಟನ್ನು ಐದು ದೋಸೆಯ ಅಗಲಕ್ಕೆ ಎಳೆದರೆ ತೆಳುವಾಗದೆ ಇದ್ದೀತೇ? ಇನ್ನು ಎಚ್‌ಡಿ ಪೆಟ್ಟಿಗೆಯಿದ್ದರೂ ಹಳದಿ, ಕೆಂಪು, ಬಿಳಿ ತುದಿಗಳ ಹಳೆಯ ತಂತಿಯಿಂದ ಜೋಡಿಸಿದ್ದರೆ ಎಚ್‌ಡಿಯ ಫಲ ಸಿಗದು. ಎಚ್‌ಡಿಎಂಐ ತಂತಿಯೇ ಬೇಕು. ಬಣ್ಣಗಳು ಕಣ್ಣು ಕುಕ್ಕುವಂತಿದ್ದರೆ, ಅಂಗಡಿಯಲ್ಲಿ ಗಿರಾಕಿಗಳಿಗಾಗಿ ಇಟ್ಟಿದ್ದ 'ವಿವಿಡ್' ಕ್ರಮ ಹಾಗೆಯೇ ಉಳಿದಿರಬಹುದು, 'ಸ್ಟ್ಯಾಂಡರ್ಡ್'ಗೆ ಬದಲಿಸಿರಿ.

ಗುಮಾಸ್ತರ ಗಮನಕ್ಕೆ

ಮಾನಿಟರಿನಲ್ಲಿ ಅಕ್ಷರಗಳು ಮಸಕಾಗಿ ಕಣ್ಣು ನೋಯುತ್ತಿದ್ದರೆ, ಕನ್ನಡಕದಂಗಡಿಗೆ ಹೋಗುವ ಮುನ್ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ ನೋಡಿರಿ. 'ರೆಕಮೆಂಡೆಡ್' ಎಂದು ಸೂಚಿಸಿದ ಅಳತೆಯನ್ನೇ ಆರಿಸತಕ್ಕದ್ದು. ಪರದೆಯೆಲ್ಲ ಹಳದಿಯಾಗಿದ್ದರೆ ನೀಲಿಯೂ, ಗುಲಾಬಿಯಾಗಿದ್ದರೆ ಹಸಿರೂ ತಲುಪುತ್ತಿಲ್ಲವೆಂದರ್ಥ. ಹದಿನೈದು ಸೂಜಿಗಳ ಹಳೆಯ ವಿಜಿಎ ತಂತಿಯಲ್ಲಿ ಮೂರು ಬಣ್ಣಗಳಿಗೂ ಬೇರೆ ಬೇರೆ ದಾರಿಯಿರುವುದರಿಂದ, ಒಂದು ಸೂಜಿ ಬಾಗಿದರೂ ಹೀಗಾಗುತ್ತದೆ. ತಂತಿಯನ್ನು ಬಿಗಿಗೊಳಿಸಿರಿ, ಇಲ್ಲವೇ ಬದಲಿಸಿರಿ.

ರಿಪೇರಿಯವನನ್ನು ಕರೆಯುವ ಮುನ್ನ

ಧ್ವನಿ ಕೇಳುತ್ತಿದ್ದು ಪರದೆ ಕಪ್ಪಾಗಿದ್ದರೆ, ಕೋಣೆಯ ದೀಪವಾರಿಸಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಚಿತ್ರ ಮಂದವಾಗಿ ಚಲಿಸುವುದು ಕಂಡರೆ, ಕೆಟ್ಟಿರುವುದು ಹಿಂಬದಿಯ ಬೆಳಕು, ಪ್ಯಾನೆಲ್ ಅಲ್ಲ. ಅದರ ರಿಪೇರಿಗೂ ಹೊಸ ಪ್ಯಾನೆಲಿಗೂ ವೆಚ್ಚದಲ್ಲಿ ಅಜಗಜಾಂತರ. ಈ ಪರೀಕ್ಷೆಯನ್ನು ರಿಪೇರಿಯವನ ಎದುರಿಗೇ ಮಾಡಿ ತೋರಿಸಿರಿ; ಬೆಲೆ ತಾನಾಗಿ ಇಳಿಯುವುದು.

ಹೋಟೆಲಿನ ಟೀವಿಗೆ ಎಣ್ಣೆ ಹೊಗೆಯೇ ಶತ್ರು. ಕಾವಲಿಯಿಂದ ದೂರವಿಡಿ, ಗಾಳಿಯಾಡುವ ರಂಧ್ರಗಳನ್ನು ಮುಚ್ಚಬೇಡಿ. ಮೇಜೊರೆಸುವ ಬಟ್ಟೆಯಿಂದ ಪರದೆಯನ್ನು ಒರೆಸದಿರಿ; ಟೀವಿಯನ್ನು ಆರಿಸಿ, ಮೆತ್ತನೆಯ ಒಣ ಬಟ್ಟೆಯನ್ನು ಬಳಸಿರಿ. ಹಿಂಬದಿಯ ಮುಚ್ಚಳವನ್ನು ಮಾತ್ರ ತಾವಾಗಿ ತೆಗೆಯಬೇಡಿ. ಹಳೆಯ ಗಾಜಿನ ಕೊಳವೆಯ ಟೀವಿಯಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ. ಹೊರಗಿನ ತಪಾಸಣೆ ನಮ್ಮದು, ಒಳಗಿನ ಕೆಲಸ ಬಲ್ಲವನದು. ಈ ಗಡಿಯನ್ನರಿತು ನಡೆದರೆ, ಬೆವರು ಸುರಿಸಿ ಗಳಿಸಿದ ಹಣ ಊರಿನ ಮನೆಯನ್ನೇ ಸೇರುವುದು.